ತರಗತಿಯಲ್ಲಿ ತೂಕಡಿಸುವ ಹುಡುಗಿ

ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಯೂತಿಕನೆಂಬ ಯೌವನಸ್ಥನ ವೃತ್ತಾಂತವುಂಟು. ತ್ರೋವ ಪಟ್ಟಣದ ಒಂದು ಮೇಲಂತಸ್ತಿನಲ್ಲಿ ಪೌಲನು ಮಧ್ಯರಾತ್ರಿಯ ವರೆಗೂ ಪ್ರಸಂಗಿಸುತ್ತಿದ್ದನು. ಕಿಟಕಿಯಲ್ಲಿ ಕೂತಿದ್ದ ಈ ಹುಡುಗನು ಗಾಢನಿದ್ರೆಗೊಂಡು ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಪೌಲನು ಪ್ರಸಂಗವನ್ನು ನಿಲ್ಲಿಸಿ ಇಳಿದುಹೋಗಿ ಅವನನ್ನು ತಬ್ಬಿಕೊಂಡನೆಂದು ಬರೆದಿದೆ, ಬೈದನೆಂದು ಬರೆದಿಲ್ಲ. ಯೂತಿಕನಿಗೆ ಯಾವದೋ ವ್ಯಾಧಿಯಿತ್ತೆಂದು ನಾನು ಸಾಧಿಸಹೊರಟವಳಲ್ಲ. ಬಹಳ ದೀಪಗಳು ಉರಿಯುತ್ತಿದ್ದ ಕೋಣೆಯಲ್ಲಿ ಅಷ್ಟು ಹೊತ್ತು ಕೂತರೆ ನಮ್ಮಲ್ಲಿ ಅನೇಕರಿಗೆ ಅದೇ ಗತಿಯಾದೀತು. ಆದರೆ ಪಾಠದ ಮಧ್ಯದಲ್ಲಿ ನಿದ್ರೆಹೋದವರಿಗಾಗಿ ಇಳಿದುಬರುವ ಉಪಾಧ್ಯಾಯರು ಕಡಿಮೆ. ಬೆಂಚಿನ ಮೇಲೆ ನಿಲ್ಲಿಸುವದೂ, ಮುಖ ತೊಳೆದು ಬಾ ಎಂದು ಅಟ್ಟುವದೂ, ಕುಂಭಕರ್ಣನ ತಂಗಿಯೆಂದು ಹೆಸರಿಡುವದೂ ನಮ್ಮ ಶಾಲೆಗಳಲ್ಲಿ ಹಳೆಯ ರೂಢಿ. ಸೋಮಾರಿತನದಿಂದ ತೂಕಡಿಸುವವರಿಗೆ ಇದರಿಂದ ಕೆಡುಕಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ತೂಕಡಿಸುವವರಲ್ಲಿ ಒಬ್ಬಿಬ್ಬರು ಬೇರೆ ತರದವರಿರುವರು. ಅವರ ವಿಷಯವೇ ಈ ಪಾಠ.

ಪ್ರಿಯ ವಿದ್ಯಾರ್ಥಿನಿಯರೇ, ದೃಷ್ಟಾಂತಕ್ಕಾಗಿ ಸಿದ್ದಾಪುರ ತಾಲೂಕಿನ ಬಿಳಗಿಯ ಕಡೆಯ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅವಳಿಗೆ ಹದಿನಾಲ್ಕು ವರುಷ, ಹೆಸರು ಬೇಡ. ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಾಳೆ. ಆದರೂ ಮೊದಲನೆಯ ತಾಸಿನ ಗಣಿತದಲ್ಲೇ ಅವಳ ಕಣ್ಣು ಮುಚ್ಚುತ್ತದೆ. ಕೆಲವು ಸಾರಿ ಕಣ್ಣು ಮುಚ್ಚಿದ ಮೇಲೂ ಕೈಯು ಬರೆಯುತ್ತಲೇ ಇರುತ್ತದೆ. ಎಚ್ಚತ್ತು ನೋಡಿದರೆ ಅಕ್ಷರಗಳು ಗೆರೆಯನ್ನು ಬಿಟ್ಟು ಓಡಿಹೋಗಿವೆ. ಹತ್ತು ನಿಮಿಷ ನಿದ್ರೆಯಾದರೆ ಹೊಸ ಹುರುಪು ಬರುತ್ತದೆ. ಎರಡು ಮೂರು ತಾಸುಗಳೊಳಗೆ ಪುನಃ ಅದೇ ಅವಸ್ಥೆ. ರಾತ್ರಿಯಾದರೂ ಸುಖನಿದ್ರೆಯುಂಟೋ ಎಂದರೆ ಅದೂ ಇಲ್ಲ, ಆಗಾಗ ಎಚ್ಚರವಾಗುತ್ತದೆ. ನಿದ್ರೆ ಹತ್ತುವ ಹೊತ್ತಿಗೆ ಗೋಡೆಯ ಬಳಿಯಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಕೂಗಬೇಕೆಂದರೆ ಬಾಯಿ ಬರದು, ಏಳಬೇಕೆಂದರೆ ಕೈಕಾಲು ಅಲುಗದು.

ಒಂದು ದಿನ ಗೆಳತಿಯೊಬ್ಬಳು ತಮಾಷೆಯ ಮಾತನ್ನಾಡಿದಳು. ಇವಳು ನಕ್ಕಳು. ನಗುತ್ತಿರುವಾಗಲೇ ಗಲ್ಲವು ಜೋತುಬಿತ್ತು, ತಲೆ ಬಾಗಿತು, ಮೊಣಕಾಲುಗಳು ಸಡಿಲಿದವು. ನೆನೆದ ಬಟ್ಟೆಯ ಹಾಗೆ ನೆಲಕ್ಕೆ ಕುಸಿದಳು. ಸುತ್ತಲೂ ಗುಂಪು ಕೂಡಿತು. ಒಬ್ಬಳು ಮೂರ್ಛೆರೋಗವೆಂದಳು, ಕೈಗೆ ಕಬ್ಬಿಣದ ಬೀಗದಕೈ ಕೊಡಿರೆಂದು ಮತ್ತೊಬ್ಬಳು ಕೂಗಿದಳು, ಸೋಂಕು ತಾಕಿದೆಯೆಂದು ಇನ್ನೊಬ್ಬಳ ಅಭಿಪ್ರಾಯ, ಬರೀ ನಟನೆಯೆಂದು ಹಿಂದಿನಿಂದ ಯಾರೋ ಅಂದರು. ಒಂದು ನಿಮಿಷದೊಳಗೆ ಎದ್ದು ಕೂತಳು. ನೀವು ನೆನಪಿನಲ್ಲಿಡತಕ್ಕ ಮುಖ್ಯ ಸಂಗತಿ ಇದು: ಆ ನಿಮಿಷದಲ್ಲಿ ಅವಳಿಗೆ ಎಚ್ಚರ ತಪ್ಪಿರಲಿಲ್ಲ. ನಾಲ್ವರ ಮಾತನ್ನೂ ಅವಳು ಒಂದಕ್ಷರ ಬಿಡದೆ ಕೇಳಿದ್ದಳು.

ಹಗಲಿನಲ್ಲಿ ತಡೆಯಲಾರದ ನಿದ್ರೆ ಬರುವ ಈ ವ್ಯಾಧಿಗೆ ನಾರ್ಕೊಲೆಪ್ಸಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಮರವಟ್ಟುವಿಕೆ ಮತ್ತು ಹಿಡಿತ ಎಂಬರ್ಥದ ಎರಡು ಶಬ್ದಗಳನ್ನು ಕೂಡಿಸಿ ಫ್ರಾನ್ಸ್ ದೇಶದ ಜೆಲಿನೋ ಎಂಬ ವೈದ್ಯನು 1880ರಲ್ಲಿ ಇದನ್ನು ಕಟ್ಟಿದನು. ದ್ರಾಕ್ಷಾರಸದ ಪೀಪಾಯಿಗಳನ್ನು ಮಾರುತ್ತಿದ್ದ 38 ವರುಷದ ಒಬ್ಬ ವರ್ತಕನು ಅವನ ರೋಗಿ; ದಿನಕ್ಕೆ ಎಷ್ಟೋ ಸಾರಿ ನಿದ್ರೆಹೋಗುತ್ತಿದ್ದವನು, ಮನಸಾರೆ ನಕ್ಕಾಗ ಕಾಲಿನ ಬಲವನ್ನೂ ಕಳಕೊಳ್ಳುತ್ತಿದ್ದನು. ಜರ್ಮನ್ ವೈದ್ಯನಾದ ವೆಸ್ಟ್‌ಫಾಲನು 1877ರಲ್ಲಿಯೇ ಇಂಥ ರೋಗಿಯನ್ನು ವರ್ಣಿಸಿದ್ದನು. ನಗು, ಆಶ್ಚರ್ಯ, ಸಿಟ್ಟು ಮೊದಲಾದ ಮನೋವೇಗಗಳಿಂದ ಸ್ನಾಯುಗಳು ತಟ್ಟನೆ ಸಡಿಲುವದಕ್ಕೆ ಕೆಟಪ್ಲೆಕ್ಸಿ ಎಂಬ ಹೆಸರು ತರುವಾಯ ಬಂದಿತು. ಎಲ್ಲರೂ ನೆಲಕ್ಕೆ ಬೀಳುವದಿಲ್ಲ. ಕೆಲವರಿಗೆ ಮಾತು ತೊದಲುವದು, ಕೈಯಲ್ಲಿದ್ದ ಲೋಟ ಜಾರುವದು, ರೆಪ್ಪೆ ಇಳಿಯುವದು, ಅಷ್ಟೇ. ಕೆಲವರಿಗೆ ಕೆಟಪ್ಲೆಕ್ಸಿ ಇಲ್ಲದೆ ನಿದ್ರೆಯ ಬಾಧೆ ಮಾತ್ರವಿರುವದೂ ಉಂಟು.

ಕುಂಭಕರ್ಣನ ಹೆಸರನ್ನು ಇವರಿಗೆ ಇಡುವದು ಶುದ್ಧ ತಪ್ಪು. ಅವನು ತಿಂಗಳುಗಟ್ಟಲೆ ಒಂದೇ ಸಮನೆ ಮಲಗುವವನು. ಈ ರೋಗಿಗಳಾದರೋ ಇಪ್ಪತ್ತನಾಲ್ಕು ತಾಸುಗಳಲ್ಲಿ ಒಟ್ಟು ಮಲಗುವದು ನಮಗಿಂತ ಬಹಳ ಹೆಚ್ಚೇನೂ ಅಲ್ಲ. ನಿದ್ರೆಯೂ ಎಚ್ಚರವೂ ತಮ್ಮ ತಮ್ಮ ಮನೆಗಳಲ್ಲಿ ನಿಲ್ಲದಿರುವದೇ ಅವರ ಕಷ್ಟ. ಘಟ್ಟದ ಮೇಲಿನ ಹಳೆಯ ಮನೆಯ ಬಾಗಿಲನ್ನು ನೆನಸಿರಿ. ಅಗುಳಿ ಹಾಕಿದ್ದರೆ ಬಾಗಿಲು ಹಾಕಿದಂತೆಯೇ ನಿಲ್ಲುವದು. ಅಗುಳಿ ಮುರಿದಿದ್ದರೆ ಸಣ್ಣ ಗಾಳಿಗೂ ತೆರೆಯುವದು, ಮತ್ತೊಂದು ಗಾಳಿಗೆ ಮುಚ್ಚುವದು. ನಮ್ಮ ಮೆದುಳಿನ ಬುಡದಲ್ಲಿ, ಹೈಪೊಥಾಲಮಸ್ ಎಂಬ ಭಾಗದಲ್ಲಿ, ಇಂಥ ಅಗುಳಿಯ ಕೆಲಸ ಮಾಡುವ ಜೀವಕಣಗಳ ಸಣ್ಣದೊಂದು ಗುಂಪುಂಟು. ಅವು ಸ್ರವಿಸುವ ದ್ರವ್ಯಕ್ಕೆ ಹೈಪೋಕ್ರೆಟಿನ್ ಎಂದೂ ಒರೆಕ್ಸಿನ್ ಎಂದೂ ಎರಡು ಹೆಸರು. 1998ರಲ್ಲಿ ಎರಡು ಬೇರೆ ಬೇರೆ ಸಂಶೋಧಕ ಮಂಡಲಿಗಳು ಇದನ್ನು ಕಂಡುಹಿಡಿದು ತಮ್ಮ ತಮ್ಮ ಹೆಸರನ್ನು ಇಟ್ಟದ್ದರಿಂದ ಹೀಗಾಯಿತು.

ಅದು ನಾರ್ಕೊಲೆಪ್ಸಿಗೆ ಸಂಬಂಧಪಟ್ಟದ್ದೆಂದು ತಿಳಿದದ್ದು ನಾಯಿಗಳಿಂದ. ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೋಬರ್ಮನ್ ಜಾತಿಯ ಕೆಲವು ನಾಯಿಗಳನ್ನು ಸಾಕಿದ್ದರು. ರುಚಿಯಾದ ತಿನಿಸನ್ನು ಮುಂದಿಟ್ಟರೆ ಅವು ಸಂತೋಷದ ಭರದಲ್ಲಿ ತಿನ್ನುವದಕ್ಕೂ ಆಗದೆ ಕುಸಿದು ಬೀಳುತ್ತಿದ್ದವು. ಹೈಪೋಕ್ರೆಟಿನನ್ನು ಗ್ರಹಿಸುವ ಅಂಗದ ವಂಶವಾಹಿಯಲ್ಲಿ ದೋಷವಿರುವದೇ ಇದಕ್ಕೆ ಕಾರಣವೆಂದು 1999ರಲ್ಲಿ ಗೊತ್ತಾಯಿತು. ಮರುವರುಷವೇ, ಈ ವ್ಯಾಧಿಯಿಂದ ನರಳಿ ತೀರಿಕೊಂಡ ಮನುಷ್ಯರ ಮೆದುಳುಗಳನ್ನು ಪರೀಕ್ಷಿಸಿದವರಿಗೆ ಹೈಪೋಕ್ರೆಟಿನ್ ಜೀವಕಣಗಳಲ್ಲಿ ನೂರಕ್ಕೆ 85ರಿಂದ 95ರಷ್ಟು ಇಲ್ಲದಿರುವದು ಕಂಡಿತು. ನಾಯಿಯಂತೆ ಮನುಷ್ಯರಲ್ಲಿ ಇದು ನೇರವಾಗಿ ತಂದೆತಾಯಿಗಳಿಂದ ಬರುವ ದೋಷವಲ್ಲ. ರೋಗಗಳನ್ನು ತಡೆಯಬೇಕಾದ ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಕಣಗಳನ್ನು ನಾಶಮಾಡುವದೆಂದು ಬಲವಾದ ಊಹೆಯಿದೆ. 2009-10ರ ಇನ್‌ಫ್ಲುಯೆಂಜಾ ಹಾವಳಿಯ ತರುವಾಯ ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳಲ್ಲಿ, ಆಗ ಕೊಟ್ಟ ಒಂದು ವಿಶೇಷ ಲಸಿಕೆಯನ್ನು ಪಡೆದ ಮಕ್ಕಳಲ್ಲಿ ಈ ವ್ಯಾಧಿಯು ಹೆಚ್ಚಾಗಿ ಕಂಡದ್ದು ಆ ಊಹೆಗೆ ಪುಷ್ಟಿಯನ್ನು ಕೊಟ್ಟಿತು. ಆ ಲಸಿಕೆಯ ಬಳಕೆ ನಿಂತುಹೋಗಿದೆ. ಇತರ ಲಸಿಕೆಗಳಿಗೆ ಹೆದರುವದಕ್ಕೆ ಇದು ಕಾರಣವಲ್ಲ.

ಕನಸಿನ ನಿದ್ರೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ನಾವು ಮಲಗಿದ ಮೇಲೆ ಸುಮಾರು ಒಂದೂವರೆ ತಾಸಿಗೆ ಕನಸುಗಳು ತುಂಬಿದ ಒಂದು ತರದ ನಿದ್ರೆ ಬರುವದು. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡದಂತೆ ಆಗ ದೇಹದ ಸ್ನಾಯುಗಳು ಕಟ್ಟಿಹಾಕಿದಂತೆ ಸಡಿಲವಾಗಿರುವವು. ನಮ್ಮ ಬಿಳಗಿಯ ಹುಡುಗಿಗೆ ಈ ನಿದ್ರೆಯು ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಬಂದುಬಿಡುತ್ತದೆ. ಗೋಡೆಯ ಬಳಿ ನಿಂತವನು ಅವಧಿಗೆ ಮುಂಚೆ ಬಂದ ಕನಸು. ಅಲುಗದ ಕೈಕಾಲುಗಳು ಕನಸಿನ ಕಟ್ಟು. ನಕ್ಕಾಗ ಕುಸಿಯುವದೂ ಎಚ್ಚರದೊಳಗೆ ನುಗ್ಗಿದ ಅದೇ ಕಟ್ಟು. ಮಂತ್ರವಾದಿಗೆ ಇಲ್ಲಿ ಕೆಲಸವಿಲ್ಲ. ದೆವ್ವವು ಎದೆಯ ಮೇಲೆ ಕೂತಿತೆಂದು ಹೇಳುವ ಆರೋಗ್ಯವಂತರಿಗೂ ಎಂದಾದರೊಮ್ಮೆ ಇಂಥ ಅನುಭವ ಆಗುವದುಂಟು. ಅಷ್ಟರಿಂದಲೇ ಅವರಿಗೆ ವ್ಯಾಧಿಯಿದೆಯೆಂದು ತಿಳಿಯಬಾರದು.

ಇದು ಅಪರೂಪದ ರೋಗವಲ್ಲವೇ, ನಮಗೇಕೆ ಎಂದು ಕೇಳೀರಿ. ಬೇರೆ ದೇಶಗಳ ಎಣಿಕೆಯಂತೆ ಲಕ್ಷ ಜನರಲ್ಲಿ 25ರಿಂದ 50 ಮಂದಿಗೆ ಇದಿರುವದು. 2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14 ಲಕ್ಷ 37 ಸಾವಿರ. ಆ ಪ್ರಮಾಣವು ನಮಗೂ ಹೊಂದುವದಾದರೆ ಈ ಒಂದು ಜಿಲ್ಲೆಯಲ್ಲಿಯೇ ಸುಮಾರು 350ರಿಂದ 700 ಜನರಿರಬೇಕು. ನೀವು ಎಷ್ಟು ಮಂದಿಯ ಹೆಸರನ್ನು ಕೇಳಿದ್ದೀರಿ? ವ್ಯಾಧಿಯು ಸಾಧಾರಣವಾಗಿ ಹತ್ತರಿಂದ ಇಪ್ಪತ್ತೈದು ವರುಷದೊಳಗೆ, ಅಂದರೆ ಪಾಠಶಾಲೆಯ ಕಾಲದಲ್ಲಿಯೇ ಆರಂಭವಾಗುವದು; ನಿಜವಾದ ಹೆಸರು ಸಿಕ್ಕುವದಕ್ಕೆ ಮುಂದುವರಿದ ದೇಶಗಳಲ್ಲಿಯೂ ಎಂಟು ಹತ್ತು ವರುಷ ಹಿಡಿಯುವದುಂಟು. ಅಷ್ಟರೊಳಗೆ ಹುಡುಗಿಯ ಓದು ನಿಂತಿರುತ್ತದೆ. ಆದುದರಿಂದ ಇದನ್ನು ಮೊದಲು ಗುರುತಿಸಬಲ್ಲವರು ಡಾಕ್ಟರರಲ್ಲ. ಪಕ್ಕದ ಬೆಂಚಿನವರೂ, ಉಪಾಧ್ಯಾಯಿನಿಯರೂ, ವಸತಿಗೃಹದ ಮೇಟ್ರನ್ನರೂ.

ಸಂದೇಹ ಬಂದರೆ ನರರೋಗದ ವೈದ್ಯರಿಗೆ ತೋರಿಸತಕ್ಕದ್ದು. ಮೊದಲನೆಯ ಸಾರಿ ಕುಸಿದುಬಿದ್ದವರನ್ನಂತೂ ಕಾರಣ ಯಾವದಾದರೂ ಇರಲಿ, ತೋರಿಸಲೇಬೇಕು. ಅಪಸ್ಮಾರವೂ ಹೃದ್ರೋಗವೂ ಹಾಗೆ ಬೀಳಿಸಬಲ್ಲವು. ಹುಬ್ಬಳ್ಳಿ, ಶಿವಮೊಗ್ಗ, ಮಣಿಪಾಲಗಳು ನಮಗೆ ಸಮೀಪ. ನಿದ್ರೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರತ್ಯೇಕ ಪ್ರಯೋಗಶಾಲೆಯಿದೆ. ಈ ಪರೀಕ್ಷೆಯಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸುವರು. ಮರುದಿನ ಎರಡೆರಡು ತಾಸಿಗೊಮ್ಮೆ ನಾಲ್ಕೈದು ಸಾರಿ ಮಲಗಲು ಹೇಳಿ, ಎಷ್ಟು ನಿಮಿಷಕ್ಕೆ ನಿದ್ರೆ ಬರುವದೆಂದೂ ಕನಸಿನ ನಿದ್ರೆಯು ಬೇಗನೆ ಬರುವದೋ ಎಂದೂ ನೋಡುವರು. ನೋವಿಲ್ಲದ ಪರೀಕ್ಷೆ. ಕಳೆದುಹೋದ ಜೀವಕಣಗಳನ್ನು ಮರಳಿ ಕೊಡುವ ಔಷಧವು ಇನ್ನೂ ಇಲ್ಲ. ಎಚ್ಚರವನ್ನು ಕಾಯುವದಕ್ಕೆ ಮೊಡಾಫಿನಿಲ್ ಮೊದಲಾದವುಗಳೂ, ಕುಸಿತವನ್ನು ತಡೆಯುವದಕ್ಕೆ ವೆನ್ಲಾಫಾಕ್ಸಿನ್, ಕ್ಲೋಮಿಪ್ರಮಿನ್ ಮೊದಲಾದವುಗಳೂ ಉಂಟು. ಇವನ್ನು ವೈದ್ಯರ ಅಪ್ಪಣೆಯಿಲ್ಲದೆ ಆರಂಭಿಸಲೂ ಬಾರದು, ಥಟ್ಟನೆ ಬಿಡಲೂ ಬಾರದು. ಪರೀಕ್ಷೆಗೆ ರಾತ್ರಿಯೆಲ್ಲ ಓದಲು ಗೆಳತಿಯ ಗುಳಿಗೆಯನ್ನು ಸಾಲ ಕೇಳುವ ಬುದ್ಧಿವಂತೆಯರಿಗೆ ಇದು ವಿಶೇಷವಾಗಿ ಹೇಳಿದ ಮಾತು.

ಔಷಧದಷ್ಟೇ ಬೆಲೆಯುಳ್ಳದ್ದು ದಿನಚರಿ. ಹೊತ್ತಿಗೆ ಸರಿಯಾಗಿ ಮಲಗಿ ಹೊತ್ತಿಗೆ ಸರಿಯಾಗಿ ಏಳುವದು. ಮಧ್ಯಾಹ್ನ ಅನ್ನವನ್ನು ಹೊಟ್ಟೆಬಿರಿಯ ಉಣ್ಣದಿರುವದು. ಹಗಲಿನಲ್ಲಿ ಗೊತ್ತಾದ ವೇಳೆಗೆ ಹದಿನೈದು ಇಪ್ಪತ್ತು ನಿಮಿಷ ಮಲಗುವದು. ಶಾಲೆಯಲ್ಲಿ ಮಲಗುವದೇ ಎಂದು ಹುಬ್ಬೇರಿಸಬೇಡಿರಿ. ಊಟದ ಬಿಡುವಿನಲ್ಲಿ ಒಂದು ಮೂಲೆಯೂ ಚಾಪೆಯೂ ಸಿಕ್ಕಿದರೆ ಮಧ್ಯಾಹ್ನದ ಎರಡು ತಾಸುಗಳ ಪಾಠವು ಉಳಿಯುವದು. ಕೂತು ಕೇಳುವದಕ್ಕಿಂತ ಬರೆಯುತ್ತಾ ಕೇಳುವದು, ನಿಂತು ಓದುವದು, ಗಟ್ಟಿಯಾಗಿ ಒಪ್ಪಿಸುವದು ಇವರಿಗೆ ಅನುಕೂಲ. ದೊಡ್ಡ ಪಾಠವನ್ನು ಒಂದೇ ಸಾರಿ ಓದದೆ, ನಿದ್ರೆಯ ನಂತರದ ಚುರುಕಾದ ಅರ್ಧ ತಾಸನ್ನು ಕಠಿಣ ವಿಷಯಕ್ಕೆ ಮೀಸಲಿಡಬೇಕು. ಸಾರ್ವಜನಿಕ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ ಬೇಕಾದರೆ ಮುಖ್ಯೋಪಾಧ್ಯಾಯಿನಿಯವರು ವೈದ್ಯರ ಪತ್ರದೊಡನೆ ತಿಂಗಳುಗಳ ಮುಂಚೆಯೇ ಪರೀಕ್ಷಾ ಮಂಡಲಿಗೆ ಬರೆದುಕೊಳ್ಳತಕ್ಕದ್ದು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ದೀರ್ಘಕಾಲದ ನರವ್ಯಾಧಿಗಳು ಸೇರಿವೆ. ಆದರೆ ನಾರ್ಕೊಲೆಪ್ಸಿಯ ಹೆಸರನ್ನು ಅಲ್ಲಿ ಬಿಡಿಸಿ ಹೇಳಿಲ್ಲವಾದ್ದರಿಂದ ಕೇಳದೆ ಏನೂ ಸಿಕ್ಕಲಾರದು.

ಪಟ್ಟಣದವರು ಬರೆದ ಪುಸ್ತಕಗಳು ಅಪಾಯವೆಂದರೆ ಮೋಟಾರು ನಡಿಸುವದನ್ನೇ ಹೇಳುತ್ತವೆ. ನಮ್ಮಲ್ಲಿಯೂ ಹುಡುಗಿಯರು ಸ್ಕೂಟರು ನಡಿಸುವರು. ವೈದ್ಯರು ಸಮ್ಮತಿಸುವ ವರೆಗೆ ಅದು ಬೇಡ. ಆದರೆ ಬಿಳಗಿಯ ಹುಡುಗಿಗೆ ಅದಕ್ಕೂ ಹತ್ತಿರದ ಅಪಾಯಗಳಿವೆ. ಮಳೆಗಾಲದಲ್ಲಿ ತುಂಬಿದ ಹಳ್ಳದ ಮೇಲಿನ ಕಾಲುಸಂಕವನ್ನು ಅವಳು ಒಬ್ಬಳೇ ದಾಟಬಾರದು. ಗೆಳತಿಯರು ಸಂಕದ ಮೇಲೆ ಅವಳನ್ನು ನಗಿಸಲೂ ಬಾರದು. ಕಟ್ಟೆಯಿಲ್ಲದ ಬಾವಿ, ಬಚ್ಚಲ ಹಂಡೆಯ ಕುದಿನೀರು, ಒಲೆಯ ಮುಂದಿನ ಕೆಲಸ, ಸುಗ್ಗಿಯಲ್ಲಿ ರಾತ್ರಿ ಹನ್ನೆರಡರ ವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವದು, ಇವು ಅವಳ ಪಾಲಿಗೆ ಬರದಂತೆ ಮನೆಯವರು ನೋಡಬೇಕು. ಅಡಿಕೆ ಆರಿಸುವದು, ಲೆಕ್ಕ ಬರೆಯುವದು, ಹಗಲಿನ ಕೆಲಸಗಳು ಬೇಕಾದಷ್ಟಿವೆ. ಯಕ್ಷಗಾನಕ್ಕೆ ಹೋಗಬಾರದೇ? ಹೋಗಲಿ; ಆದರೆ ಬೆಳಗಿನ ವರೆಗೆ ಕೂರದೆ, ಹಾಸ್ಯಗಾರನು ಬರುವ ಹೊತ್ತಿಗೆ ನೆಲದ ಮೇಲೆ ಅಕ್ಕನನ್ನು ಒರಗಿ ಕೂತಿರಲಿ. ನಗುವನ್ನೇ ಬಿಟ್ಟುಬಿಡುವ ರೋಗಿಗಳುಂಟೆಂದು ಓದಿದಾಗ ನನಗೆ ಬೀಳುವದಕ್ಕಿಂತಲೂ ಅದೇ ಹೆಚ್ಚು ದುಃಖಕರವಾಗಿ ತೋರಿತು.

ಉದ್ಯೋಗದ ವಿಷಯದಲ್ಲಿ ಮುಚ್ಚುಮರೆ ಬೇಡ. ನಮ್ಮ ಹುಡುಗಿಯರಲ್ಲಿ ಅನೇಕರು ದಾದಿಯರಾಗಲು ಬಯಸುವರು. ಪಾಳಿಯಂತೆ ಬದಲಾಗುವ ರಾತ್ರಿಯ ಕೆಲಸವು ಈ ವ್ಯಾಧಿಗೆ ಒಗ್ಗುವದಿಲ್ಲ. ಓಡಾಡುತ್ತಾ ಮಾತಾಡುತ್ತಾ ಮಾಡುವ ಹಗಲಿನ ಕೆಲಸ ಒಗ್ಗುವದು. ಉಪಾಧ್ಯಾಯಿನಿಯ ವೃತ್ತಿ ಅಂಥದೊಂದು. ಅಮೇರಿಕದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಟಬ್‌ಮನ್ ಎಂಬ ಭಕ್ತೆಗೆ ಎಳೆಯ ಪ್ರಾಯದಲ್ಲಿ ತಲೆಗೆ ಕಬ್ಬಿಣದ ತೂಕದ ಪೆಟ್ಟು ಬಿದ್ದು, ಮಾತಿನ ಮಧ್ಯದಲ್ಲಿಯೇ ನಿದ್ರೆ ಆವರಿಸುತ್ತಿತ್ತು. ಅವಳ ಕಾರಣ ಬೇರೆ. ಆದರೆ ಆ ನಿದ್ರೆಯೊಡನೆಯೇ ಅವಳು ಹಲವು ಸಾರಿ ಮರಳಿ ಹೋಗಿ ಸುಮಾರು 70 ಮಂದಿಯನ್ನು ದಾಸ್ಯದಿಂದ ಬಿಡಿಸಿ ಕರತಂದಳು. ಮದುವೆಯ ಮಾತು ಬಂದಾಗ ಮಕ್ಕಳಿಗೂ ಬರುವದೋ ಎಂದು ಕೇಳುವವರಿಗೆ, ನೂರರಲ್ಲಿ ಒಂದೆರಡು ಮಕ್ಕಳಿಗೆ ಮಾತ್ರ ಬರುವದೆಂದು ಉತ್ತರ ಕೊಡಬಹುದು. ಕೆಲವು ಔಷಧಗಳು ಗರ್ಭಕ್ಕೆ ಹಿತವಲ್ಲವಾದ್ದರಿಂದ ಬಸುರಿಗೆ ಮುಂಚೆಯೇ ವೈದ್ಯರ ಸಲಹೆ ಬೇಕು.

ಇನ್ನು ಪಕ್ಕದ ಬೆಂಚಿನವರಿಗೆ ಎರಡು ಮಾತು. ಅವಳು ಕುಸಿಯುವಾಗ ತಲೆಗೆ ಪೆಟ್ಟಾಗದಂತೆ ಹಿಡಿದು ಮೆಲ್ಲಗೆ ಕೂರಿಸಿರಿ. ಮುಖಕ್ಕೆ ನೀರು ಎರಚಬೇಡಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ, ಕೈಗೆ ಕಬ್ಬಿಣ ಬೇಡ. ಉಸಿರು ಸರಾಗವಾಗಿದೆಯೋ ನೋಡಿ ಒಂದೆರಡು ನಿಮಿಷ ಕಾಯಿರಿ. ಅದಕ್ಕೂ ಹೆಚ್ಚು ಹೊತ್ತಾದರೆ, ಇಲ್ಲವೆ ಕೈಕಾಲು ಸೆಳೆದು ಎಚ್ಚರ ತಪ್ಪಿದರೆ ಅದು ಬೇರೆ ರೋಗವಿದ್ದೀತು, ದೊಡ್ಡವರನ್ನು ಕರೆಯಿರಿ. ಕಾಯುವಾಗ ಅವಳ ಸಂಗಡ ಸಾಧಾರಣವಾಗಿ ಮಾತಾಡುತ್ತಿರಿ, ಅವಳು ಕೇಳುತ್ತಿದ್ದಾಳೆ. ಬೆಂಚಿನ ಮೇಲೆ ನಿದ್ರೆಹೋದರೆ ಹತ್ತು ನಿಮಿಷ ಬಿಟ್ಟು ಭುಜ ಮುಟ್ಟಿ ಎಬ್ಬಿಸಿ, ಪಾಠವು ಎಲ್ಲಿಗೆ ಬಂದಿದೆಯೋ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿರಿ.