ಮನೆಯ ವೈ-ಫೈ ರೂಟರ್: ವರ್ತಕರು ಅನುಸರಿಸಬೇಕಾದ ಕ್ರಮ

ಮನೆಯಿಂದಲೇ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ಹಾಗೂ ಬ್ಯಾಂಕ್ ವ್ಯವಹಾರ ನಿರ್ವಹಿಸುವ ವರ್ತಕರಿಗೆ ರೂಟರ್ ಎಂಬುದು ಮಳಿಗೆಯ ಬಾಗಿಲಿದ್ದಂತೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಮಿಂಚಂಚೆಯು ನವಿ ಮುಂಬಯಿಯ ಮನೆಯೊಂದರ ಅಸುರಕ್ಷಿತ ವೈ-ಫೈ ಮೂಲಕ ರವಾನೆಯಾಗಿ, ಅದರ ಚಂದಾದಾರರು ತನಿಖೆ ಎದುರಿಸಬೇಕಾಯಿತು.

ಮೊದಲು ಗಣಕಯಂತ್ರವನ್ನು ಕೇಬಲ್ ಮೂಲಕ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸವನ್ನು ನಮೂದಿಸಬೇಕು. ಇದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿದ್ದು, ಉಪಕರಣದ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಪುಟ ತೆರೆದೊಡನೆ ತಯಾರಕರು ನೀಡಿದ ಅಡ್ಮಿನ್ ಪಾಸ್‌ವರ್ಡನ್ನು ಬದಲಿಸುವುದು ಅತ್ಯಗತ್ಯ.

ಎರಡನೆಯದು ವ್ಯಾನ್ ವಿಭಾಗ. ಸೇವಾ ಸಂಸ್ಥೆಯು ಬಳಕೆದಾರರ ಹೆಸರು, ಪಾಸ್‌ವರ್ಡ್ ನೀಡಿದ್ದಲ್ಲಿ ಸಾಮಾನ್ಯವಾಗಿ ಪಿಪಿಪಿಒಇ ಆಯ್ದು ಅವನ್ನು ತುಂಬಬೇಕು. ವಿಳಾಸವು ತಾನಾಗಿಯೇ ದೊರೆಯುವ ವ್ಯವಸ್ಥೆಯಿದ್ದಲ್ಲಿ ಡೈನಾಮಿಕ್ ಐಪಿ ಆಯ್ಕೆ ಸರಿಯಾದುದು.

ಮೂರನೆಯದು ವೈರ್‌ಲೆಸ್ ವಿಭಾಗ. ಡಬ್ಲ್ಯುಇಪಿ ಗೂಢಲಿಪಿಯ ದೌರ್ಬಲ್ಯವು 2001ರಲ್ಲಿಯೇ ಬಯಲಾದುದರಿಂದ ಅದನ್ನು ಆರಿಸಲಾಗದು. 2004ರಲ್ಲಿ ಬಂದ ಡಬ್ಲ್ಯುಪಿಎ2 ಅಥವಾ 2018ರ ಡಬ್ಲ್ಯುಪಿಎ3 ಸೂಕ್ತ. ಪಾಸ್‌ವರ್ಡ್ ದೀರ್ಘವಾಗಿರಲಿ, ಮಳಿಗೆಯ ಹೆಸರಾಗಲಿ ದೂರವಾಣಿ ಸಂಖ್ಯೆಯಾಗಲಿ ಆಗಿರದಿರಲಿ. ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸುವುದು ಕ್ಷೇಮ.

ಗ್ರಾಹಕರಿಗೂ ಅತಿಥಿಗಳಿಗೂ ಗೆಸ್ಟ್ ಜಾಲವನ್ನೇ ನೀಡಿದರೆ ಬಿಲ್ಲಿಂಗ್ ಗಣಕಯಂತ್ರವು ಪ್ರತ್ಯೇಕವಾಗಿ ಉಳಿಯುತ್ತದೆ. ಬದಲಾವಣೆಗಳನ್ನು ಉಳಿಸಿದ ಬಳಿಕ ಫರ್ಮ್‌ವೇರನ್ನು ನವೀಕರಿಸಿ, ಸಂಪರ್ಕಿತ ಸಾಧನಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಅಪರಿಚಿತ ಸಾಧನ ಕಂಡುಬಂದಲ್ಲಿ ಅಂದೇ ಪಾಸ್‌ವರ್ಡ್ ಬದಲಿಸತಕ್ಕದ್ದು.