ಮೊದಲು ಎರಡೇ ಸ್ವರ: ಬ್ಲೂಸ್ ಪಿಯಾನೊ ಕಲಿಸುತ್ತಾ ಕಲಿತದ್ದು

ಬೆಂಗಳೂರಿನಲ್ಲಿ ಪಿಯಾನೊ ಹೇಳಿಕೊಡುತ್ತೇನೆ. ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಅನೇಕರು ಎರಡು ಮೂರು ವರ್ಷ ಕರ್ನಾಟಕ ಸಂಗೀತ ಕಲಿತವರು. ಅವರಿಗೆ ಜಾಝ್, ಬ್ಲೂಸ್ ಕಲಿಸುವಾಗ ನನಗೆ ಮನದಟ್ಟಾದ ಕೆಲವು ಸಂಗತಿಗಳು ಇಲ್ಲಿವೆ.

1. ಮೊದಲ ತಿಂಗಳು ಪುಸ್ತಕ ತೆರೆಯಬೇಡಿ. ನಾನು ಮೊದಮೊದಲು ಅಚ್ಚಾದ ಪಾಠವನ್ನೇ ಕೈಗೆ ಕೊಡುತ್ತಿದ್ದೆ. ಹುಡುಗಿಯೊಬ್ಬಳು ಇಡೀ ಪುಟವನ್ನು ಒಂದು ತಪ್ಪೂ ಇಲ್ಲದೆ ನುಡಿಸಿದಳು, ಆದರೆ ಅದರಲ್ಲಿ ಬ್ಲೂಸ್ ಇರಲಿಲ್ಲ. ಇದು ಕಿವಿಯಿಂದ ಕಿವಿಗೆ ದಾಟಿ ಬಂದ ಸಂಗೀತ. ಷಿಕಾಗೋದ ಪಿಯಾನೊ ವಾದಕ ಜಿಮ್ಮಿ ಯಾನ್ಸಿ ಹೊಟ್ಟೆಪಾಡಿಗೆ ಬೇಸ್‌ಬಾಲ್ ಮೈದಾನ ನೋಡಿಕೊಳ್ಳುತ್ತಿದ್ದರು. ಅವರ ಎಡಗೈಯ ಓಟವನ್ನು ಕಾಗದದಲ್ಲಿ ಹಿಡಿಯುವುದು ಕಷ್ಟ; ಕೇಳಿದರೆ ಮಗುವಿಗೂ ತಿಳಿಯುತ್ತದೆ.

2. ಎರಡು ಸ್ವರ ಸಾಕು. ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ 1942ರಲ್ಲಿ ಧ್ವನಿಮುದ್ರಿಸಿದ ‘ಸಿ ಜ್ಯಾಮ್ ಬ್ಲೂಸ್’ನ ರಾಗಸಂಚಾರವೆಲ್ಲ ಜಿ ಮತ್ತು ಸಿ, ಅಂದರೆ ಪಂಚಮ ಮತ್ತು ಷಡ್ಜ, ಅಷ್ಟರಲ್ಲೇ. ಅದೇ ಸಾಲು ಮೂರು ಸಲ ಬರುತ್ತದೆ, ಕೆಳಗಿನ ಕಾರ್ಡ್ ಮಾತ್ರ ಬದಲಾಗುತ್ತದೆ. ಬೆರಳಿಗೆ ಕೆಲಸ ಕಡಿಮೆ ಇರುವುದರಿಂದ ಮಗುವಿನ ಗಮನ ಲಯದ ಮೇಲೆ ನಿಲ್ಲುತ್ತದೆ. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

3. ಬ್ಲೂಸ್‌ನ 12 ಬಾರ್‌ಗಳನ್ನು ಬಾಯಿಪಾಠ ಮಾಡಿಸಿ. ನಾಲ್ಕು ಬಾರ್ ಸಿ7, ಎರಡು ಎಫ್7, ಮತ್ತೆ ಎರಡು ಸಿ7, ಒಂದು ಜಿ7, ಒಂದು ಎಫ್7, ಕೊನೆಗೆ ಎರಡು ಸಿ7. ಬಾರ್‌ಗೆ ನಾಲ್ಕರಂತೆ ಒಟ್ಟು 48 ಎಣಿಕೆ, ಅಂದರೆ ಆದಿತಾಳದ 6 ಆವರ್ತ. ಹಾಗೆಂದು ಹೇಳಿದ ದಿನದಿಂದ ನನ್ನ ಮಕ್ಕಳು ದಾರಿ ತಪ್ಪುವುದು ಕಡಿಮೆಯಾಯಿತು. ಸ್ವರ ತಪ್ಪಿದರೂ ನಿಲ್ಲಬಾರದು, ತಾಳ ಮುಂದೆ ಹೋಗುತ್ತಿರುತ್ತದೆ.

4. ಸ್ವಿಂಗ್‌ಗೆ ‘ತಕಿಟ’ ಹೇಳಿಸಿ. ‘ತ’ ಮತ್ತು ‘ಟ’ ಮೇಲೆ ಮಾತ್ರ ನುಡಿಸಿ, ‘ಕಿ’ಯನ್ನು ಮನಸ್ಸಿನಲ್ಲೇ ಬಿಟ್ಟರೆ ಉದ್ದ-ಗಿಡ್ಡದ ಆ ನಡೆ ತಾನಾಗಿ ಬರುತ್ತದೆ. ವೇಗ ಏರಿದಂತೆ ಈ ವ್ಯತ್ಯಾಸ ಕಡಿಮೆಯಾಗಿ ಎರಡೂ ಸಮಸಮ ಆಗುತ್ತಾ ಹೋಗುತ್ತವೆ, ಆದ್ದರಿಂದ ‘ತಕಿಟ’ ನಿಧಾನದ ಪಾಠಕ್ಕೆ ಮಾತ್ರ. ಚಪ್ಪಾಳೆ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳಬೇಕು.

5. ಗಾಂಧಾರದ ಬಳಿ ಸಾವಕಾಶವಾಗಿ ನಿಲ್ಲಿ. ಸಿ, ಇ ಫ್ಲ್ಯಾಟ್, ಎಫ್, ಜಿ, ಬಿ ಫ್ಲ್ಯಾಟ್ ನುಡಿಸಿದರೆ ಸಾಕು, “ಮಿಸ್, ಇದು ಶುದ್ಧ ಧನ್ಯಾಸಿ ಅಲ್ವಾ?” ಎಂದು ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಸ್ವರಸ್ಥಾನಗಳು ಅವೇ, ಸಂಚಾರ ಬೇರೆ. ಪ್ರತಿಮಧ್ಯಮ ಸೇರಿದರೆ ಬ್ಲೂಸ್ ಸ್ಕೇಲ್. ತೊಡಕು ಶುರುವಾಗುವುದು ಎಡಗೈ ಸೇರಿದಾಗ. ಬಲಗೈಯಲ್ಲಿ ಸಾಧಾರಣ ಗಾಂಧಾರ, ಎಡಗೈಯ ಸಿ7ನಲ್ಲಿ ಅಂತರ ಗಾಂಧಾರ! ರಾಗಕ್ಕೆ ಒಗ್ಗಿದ ಕಿವಿಗೆ ಇದು ಅಪಸ್ವರ, ಮಕ್ಕಳು ಕೈ ಹಿಂದೆಗೆಯುತ್ತಾರೆ. ಆಫ್ರಿಕನ್ ಅಮೆರಿಕನ್ ಗಾಯಕರ ಕಂಠದಲ್ಲಿ ಈ ಸ್ವರ ಎರಡೂ ಗಾಂಧಾರಗಳ ನಡುವೆ ಜಾರಾಡುತ್ತದೆ. ಬ್ಲೂಸ್‌ನ ಅಳಲೆಲ್ಲ ಅಲ್ಲಿದೆ. ಗಮಕ ಬಲ್ಲ ಮಗುವಿಗೆ ಹಾಡಿ ತೋರಿಸಿದರೆ ಬೇರೆ ವಿವರಣೆ ಬೇಕಿಲ್ಲ. ಪಿಯಾನೊಗೆ ಜಾರು ಇಲ್ಲ, ಅದಕ್ಕಾಗಿ ಕಪ್ಪು ಕೀಯ ಇ ಫ್ಲ್ಯಾಟ್ ಮುಟ್ಟಿದ ಬೆರಳನ್ನೇ ತಟ್ಟನೆ ಪಕ್ಕದ ಬಿಳಿ ಇ ಮೇಲಕ್ಕೆ ಜಾರಿಸುತ್ತಾರೆ. ಮೊದಲು ಹಾಡಿಸಿ, ಆಮೇಲೆ ನುಡಿಸಿ.

6. ಎಡಗೈಗೆ ಒಂದು ವಾರ ಪೂರ್ತಿ ಕೊಡಿ. ಸಿ-ಜಿ ಒಟ್ಟಿಗೆ ಎರಡು ಸಲ, ಸಿ-ಎ ಎರಡು ಸಲ. ಪುಟ್ಟ ಕೈಗೂ ಎಟುಕುತ್ತದೆ.

7. ಪುಸ್ತಕ ಈಗ ತೆರೆಯಬಹುದು. ಮಾರ್ಥಾ ಮಿಯರ್ ಅವರ ‘ಜಾಝ್, ರ‍್ಯಾಗ್ಸ್ ಆ್ಯಂಡ್ ಬ್ಲೂಸ್’ ಸರಣಿ, ಕ್ರಿಸ್ಟೋಫರ್ ನಾರ್ಟನ್ ಅವರ ‘ಮೈಕ್ರೋಜಾಝ್’ ಎರಡೂ ಕಲಿಯುವವರನ್ನು ಗಮನದಲ್ಲಿಟ್ಟು ಬರೆದವು. ಪಾಠ ಕಲಿತ ಮೇಲೆ ಅದರಲ್ಲಿ ನಾಲ್ಕು ಬಾರ್ ಮಗುವೇ ಕಟ್ಟಿ ನುಡಿಸಬೇಕೆಂಬುದು ನನ್ನ ನಿಯಮ. ಕಲ್ಪನಾಸ್ವರ ಕೇಳಿ ಬೆಳೆದವರಿಗೆ ಇದು ಹೊಸತಲ್ಲ.

8. ಮನೆಯಲ್ಲಿ 61 ಕೀಗಳ ಕೀಬೋರ್ಡ್ ಸಾಕು, ಆದರೆ ಬೆರಳಿನ ಒತ್ತಿಗೆ ತಕ್ಕಂತೆ ದನಿ ಏರಿಳಿಯಬೇಕು.

9. ಪಾಠಕ್ಕಿಂತ ಹೆಚ್ಚು ಹೊತ್ತು ಕೇಳಬೇಕು. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ನಲ್ಲಿ ‘ಫ್ರೆಡ್ಡಿ ಫ್ರೀಲೋಡರ್’ ಎಂಬ ಬ್ಲೂಸ್ ಇದೆ; ಪಿಯಾನೊ ವಿಂಟನ್ ಕೆಲಿ ಅವರದು. ಇವತ್ತು ರಾತ್ರಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಇಬ್ಬರೂ ಬೆರಳು ಮಡಚುತ್ತಾ 12 ಬಾರ್ ಎಣಿಸಿ.