ಟೇಪು ಹಿಡಿದು ಕೆಳಗಿಳಿ, ತಮ್ಮಾ

ತಮ್ಮಾ, ಟ್ರ್ಯಾಕ್ಟರಿಗೆ ತಾನೇ ಸ್ಟಿಯರಿಂಗ್ ತಿರುಗಿಸುವ ಆಟೋಸ್ಟಿಯರ್ ಕೂಡಿಸುತ್ತಿದ್ದೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಈ ಮುಂಗಾರಿಗೆ ಗೋವಿನಜೋಳವನ್ನು ಅದರಲ್ಲೇ ಬಿತ್ತಬೇಕು ಅಂತ ಹಟ ಹಿಡಿದಿದ್ದೀ ಅಂದ. ಕೇಳಿ ಖುಷಿಯಾಯಿತು. ಓದಿದ ಹುಡುಗ ಹೊಲಕ್ಕೆ ಮರಳಿ ಬಂದು, ಕಲಿತದ್ದನ್ನು ಮಣ್ಣಿಗೆ ಹಚ್ಚುವುದು ಸಣ್ಣ ಮಾತಲ್ಲ. ಗದಗ ಸೀಮೆಯ ಎರೆ ಹೊಲಗಳಲ್ಲಿ ನಾನು ಮೂರು ವರ್ಷದಿಂದ ಇದೇ ಸಾಧನ ಕಟ್ಟಿಕೊಂಡು ಬಿತ್ತುತ್ತಿದ್ದೇನೆ. ಕೈ ಸುಟ್ಟುಕೊಂಡು ಕಲಿತ ನಾಲ್ಕು ಮಾತು ನಿನ್ನ ಕಿವಿಗೆ ಹಾಕುತ್ತೇನೆ. ರೋಹಿಣಿ ಮಳೆ ಬೀಳುವ ಮೊದಲೇ ಕೇಳಿಬಿಡು.

ನಿನ್ನಜ್ಜ ಕೂರಿಗೆ ಹೂಡಿದ ದಿನ ಮೊದಲ ಸಾಲನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆಚೆ ಬದುವಿನ ಬೇವಿನ ಮರವನ್ನು ಎತ್ತುಗಳ ಕೊಂಬಿನ ನಡುವೆ ಹಿಡಿದು, ಅತ್ತಿತ್ತ ನೋಡದೆ ನಡೆಯುತ್ತಿದ್ದರು. ಆ ಸಾಲು ಸೊಟ್ಟಾದರೆ ಹೊಲವೆಲ್ಲ ಸೊಟ್ಟ. ನೀನು ಪರದೆಯ ಮೇಲೆ ಈ ತುದಿಯಲ್ಲಿ 'ಎ', ಆ ತುದಿಯಲ್ಲಿ 'ಬಿ' ಒತ್ತುವುದೂ ಅದೇ ಮೊದಲ ಸಾಲು. ಮುಂದಿನ ಸಾಲುಗಳೆಲ್ಲ ಅದರ ನೆರಳು. ಅಜ್ಜನ ಸಾಲು ತಪ್ಪಿದರೆ ಕಣ್ಣಿಗೆ ಕಾಣುತ್ತಿತ್ತು, ಮರುಸಾಲಿಗೆ ತಿದ್ದಿಕೊಳ್ಳುತ್ತಿದ್ದರು. ಯಂತ್ರ ತಿದ್ದಿಕೊಳ್ಳುವುದಿಲ್ಲ. ನೀನು ಕೊಟ್ಟ ಅಳತೆ ತಪ್ಪಾಗಿದ್ದರೆ ಅದೇ ತಪ್ಪನ್ನು ಹೊಲದ ಕೊನೆಯವರೆಗೂ ನಿಷ್ಠೆಯಿಂದ ಮಾಡುತ್ತಾ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಈ ಕೆಲಸದಲ್ಲಿ ದೊಡ್ಡ ಸಾಧನ ಪರದೆಯಲ್ಲ, ಅಳತೆಯ ಟೇಪು.

ನೀನು ಹಾಕಿಕೊಂಡ ಆಗ್‌ಓಪನ್‌ಜಿಪಿಎಸ್ ಅನ್ನೋ ಸಾಫ್ಟ್‌ವೇರ್ ಶುರು ಮಾಡಿದವರು ಕೆನಡಾದ ಆಲ್ಬರ್ಟಾ ಪ್ರಾಂತದ ರೈತ ಬ್ರಯಾನ್ ಟಿಶ್ಲರ್. ಯಾರು ಬೇಕಾದರೂ ಉಚಿತವಾಗಿ ಬಳಸಲಿ ಅಂತ ಬಿಟ್ಟುಕೊಟ್ಟಿದ್ದಾರೆ. ರೈತನೇ ಮಾಡಿದ್ದು ನೋಡು, ಅದು ನಿನ್ನನ್ನು ಕೇಳುವ ಒಂದೊಂದು ಅಳತೆಗೂ ಹೊಲದಲ್ಲಿ ಅರ್ಥವಿದೆ. ಯಾವುದನ್ನೂ ಅಂದಾಜಿನ ಮೇಲೆ ತುಂಬಬೇಡ.

ಮೊದಲು ಸಿಗ್ನಲ್ ವಿಚಾರ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಬರೀ ಅವುಗಳನ್ನೇ ನಂಬಿದರೆ ಫೋನಿನ ಹಾಗೆ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಬಿಟ್ಟು ಬಿತ್ತುವವನಿಗೆ ಅದರಿಂದ ಏನು ಪ್ರಯೋಜನ? ಅದಕ್ಕೇ ಆರ್‌ಟಿಕೆ ಬೇಕು. ಅಲುಗದ ಒಂದು ಜಾಗದಲ್ಲಿ ಬೇಸ್ ಸ್ಟೇಷನ್ ಕೂತು, ಉಪಗ್ರಹದ ಲೆಕ್ಕ ಎಷ್ಟು ತಪ್ಪುತ್ತಿದೆ ಅಂತ ಕ್ಷಣಕ್ಷಣಕ್ಕೂ ಟ್ರ್ಯಾಕ್ಟರಿಗೆ ತಿಳಿಸುತ್ತದೆ. ಆಗ ತಪ್ಪು 2-3 ಸೆಂಟಿಮೀಟರಿಗೆ ಇಳಿಯುತ್ತದೆ. ಪರದೆಯಲ್ಲಿ 'ಫಿಕ್ಸ್' ಇದ್ದರೆ ಮಾತ್ರ ಬಿತ್ತು. 'ಫ್ಲೋಟ್' ಅಂತ ಬಂದರೆ ಆ ನಿಖರತೆ ಇನ್ನೂ ಬಂದಿಲ್ಲ ಅಂತ ಅರ್ಥ, ನಿಲ್ಲು. ಎಷ್ಟೇ ಅವಸರವಿರಲಿ, ಹದ ಆರಿಹೋಗುತ್ತದೆ ಅನ್ನೋ ಭಯವಿರಲಿ, ಐದು ನಿಮಿಷ ಕಾಯಿ.

ಬೇಸ್ ನೀನೇ ಇಡುತ್ತೀಯಾದರೆ ನನ್ನ ಕಥೆ ಕೇಳು. ಮೊದಲ ವರ್ಷ ಮನೆಯ ಮಾಳಿಗೆಯ ಮೇಲೆ ಸ್ಟ್ಯಾಂಡಿನಲ್ಲಿ ಬೇಸ್ ಇಟ್ಟು ಬಿತ್ತಿದೆ. ಸಾಲುಗಳು ದಾರ ಹಿಡಿದ ಹಾಗೆ ಬಂದವು, ಊರೆಲ್ಲ ಬಂದು ನೋಡಿತು. ಆಮೇಲೆ ಮಳೆಗೆ ನೆನೆಯುತ್ತದೆ ಅಂತ ಬೇಸನ್ನು ಒಳಗೆ ತೆಗೆದಿಟ್ಟೆ. ಇಪ್ಪತ್ತು ದಿನಕ್ಕೆ ಎಡೆ ಹೊಡೆಯುವ ಹೊತ್ತು ಬಂತು. ಅದೇ ಜಾಗದಲ್ಲಿ ಇಟ್ಟೆ ಅಂದುಕೊಂಡು, ಸ್ಥಾನವನ್ನು ಅದೇ ಹೊಸದಾಗಿ ಗುರುತಿಸಿಕೊಳ್ಳಲಿ ಅಂತ ಬಿಟ್ಟೆ. ಹಳೇ ಎ-ಬಿ ಗೆರೆ ತೆರೆದು ಹೊರಟೆ. ಪರದೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಹಿಂತಿರುಗಿ ನೋಡುವಷ್ಟರಲ್ಲಿ ಎಳೆ ಸಸಿಗಳ ಎರಡು ಸಾಲು ಬುಡಸಮೇತ ಮಗ್ಗುಲಾಗಿ ಬಿದ್ದಿದ್ದವು. ಬೇಸ್ ತನ್ನ ಸ್ಥಾನವನ್ನು ಹೊಸದಾಗಿ ಲೆಕ್ಕ ಹಾಕಿಕೊಂಡಾಗ ಗೆರೆಗಳೆಲ್ಲ ಒಂದು ಗೇಣು ಪಕ್ಕಕ್ಕೆ ಸರಿದಿದ್ದವು. ಆ ಬಿದ್ದ ಸಸಿಗಳನ್ನು ಕೈಯಲ್ಲಿ ಹಿಡಿದು ನಿಂತ ಸಂಕಟ ನಿನಗೆ ಬೇಡ. ಮಾಳಿಗೆಯ ಮೇಲೆ ಸಿಮೆಂಟ್ ಹಾಕಿ ಒಂದು ಕಬ್ಬಿಣದ ಪೈಪು ನೆಡಿಸು, ಆಂಟೆನಾ ಅದರ ಮೇಲೇ ಕೂಡಲಿ. ಮೊದಲ ದಿನ ಬಂದ ಸ್ಥಾನದ ಅಂಕಿಗಳನ್ನು ಬೇಸಿನಲ್ಲಿ ಕಾಯಂ ಮಾಡು, ವಹಿಯಲ್ಲೂ ಬರೆದಿಡು.

ಬೇಸ್ ಇಡುವ ಅನುಕೂಲವಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಸರ್ವೆ ಆಫ್ ಇಂಡಿಯಾ ನಮ್ಮ ರಾಜ್ಯದಲ್ಲಿ ಕಾರ್ಸ್ ಅನ್ನೋ ಕಾಯಂ ಸ್ಟೇಷನ್‌ಗಳ ಜಾಲ ಹಾಕಿದೆ. ಹೆಸರು ನೋಂದಾಯಿಸಿದರೆ ತಿದ್ದುಪಡಿ ಇಂಟರ್‌ನೆಟ್ ಮೂಲಕ ಬರುತ್ತದೆ. ಆದರೆ ಹೊಲದ ಮೂಲೆಮೂಲೆಗೂ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಯೋ ಅಂತ ಬಿತ್ತನೆಗೆ ಮುಂಚೆಯೇ ನಡೆದಾಡಿ ನೋಡು.

ಇನ್ನೊಂದು ಮಾತು ನಮ್ಮ ಸೀಮೆಯವರು ತಿಳಿದಿರಲೇಬೇಕು. ಭೂಮಿಯ ಕಾಂತದ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಪಕ್ಕದ ತುಂಬಾ ಎಂಬ ಹಳ್ಳಿಯಿಂದ ಮೊದಲ ರಾಕೆಟ್ ಹಾರಿಸಿದ್ದೂ ಅದೇ ಕಾರಣಕ್ಕೆ. ಈ ರೇಖೆಯ ಆಸುಪಾಸಿನಲ್ಲಿ ಹೊತ್ತು ಮುಳುಗಿದ ಮೇಲೆ ಮೇಲಿನ ವಾತಾವರಣ ಕದಡುತ್ತದೆ, ಉಪಗ್ರಹದ ಸಿಗ್ನಲ್ ಮಿಣುಕುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಇದು ಹೆಚ್ಚು. ಹಿಂಗಾರಿ ಕಡಲೆ, ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲೇ. ಸಂಜೆ ಏಳರ ಮೇಲೆ ಫಿಕ್ಸ್ ಪದೇ ಪದೇ ತಪ್ಪಿದರೆ ಯಂತ್ರ ಕೆಟ್ಟಿತು ಅಂತ ಬಿಚ್ಚಲು ಹೋಗಬೇಡ. ಊಟ ಮಾಡಿ ಮಲಗು, ನಸುಕಿನಲ್ಲಿ ಎದ್ದು ಹೂಡು.

ಈಗ ಟ್ರ್ಯಾಕ್ಟರಿಗೆ ಬರೋಣ. ಆಂಟೆನಾವನ್ನು ಅಲುಗುವ ಟಾಪಿನ ಮೇಲೆ ಹಾಕಬೇಡ. ಗಟ್ಟಿ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಡಿಯ ನಟ್ಟನಡುವೆ ಕೂಡಿಸು. ಆಮೇಲೆ ನೆಲದಿಂದ ಆಂಟೆನಾ ಎಷ್ಟು ಎತ್ತರ, ಹಿಂದಿನ ಅಚ್ಚಿನಿಂದ ಎಷ್ಟು ಮುಂದೆ, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಎಷ್ಟು ಅಂತರ, ಎಲ್ಲವನ್ನೂ ಸಮನೆಲದಲ್ಲಿ ಅಳೆದು ತುಂಬು. ಆಂಟೆನಾ ಎರಡೂವರೆ ಮೀಟರ್ ಎತ್ತರದಲ್ಲಿದ್ದು ಗಾಡಿ ಒಂದೇ ಡಿಗ್ರಿ ವಾಲಿದರೂ ಅದು 4 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಇದನ್ನು ಸರಿದೂಗಿಸಲು ವಾಲು ಅಳೆಯುವ ಸೆನ್ಸರ್ ಇದೆ, ಆದರೆ ಅದರ ಸೊನ್ನೆಯನ್ನು ನೀನೇ ಹಿಡಿಯಬೇಕು. ಗಾಡಿ ನಿಲ್ಲಿಸಿ ನಾಲ್ಕೂ ಗಾಲಿಗಳ ಜಾಗಕ್ಕೆ ಸುಣ್ಣದ ಗುರುತು ಹಾಕು, ಅಂಕಿ ಬರೆದುಕೋ. ಗಾಡಿ ತಿರುಗಿಸಿ ಅದೇ ಗುರುತಿನ ಮೇಲೆ ಎದುರು ಮುಖವಾಗಿ ನಿಲ್ಲಿಸಿ ಮತ್ತೆ ಬರೆದುಕೋ. ಎರಡರ ನಡುವಿನದೇ ಸೊನ್ನೆ. ಅದಕ್ಕೂ ಮುಂಚೆ ಎಡಬಲದ ಗಾಲಿಗಳ ಗಾಳಿ ಸಮ ಇದೆಯೋ ನೋಡಿರು.

ಗಾಡಿ ಹಾವಿನ ಹಾಗೆ ಹರಿದಾಡಿದರೆ ಹುಡುಗರು ತಕ್ಷಣ ಪರದೆಯ ಅಂಕಿ ತಿರುವಲು ಕೂರುತ್ತಾರೆ. ನೀನು ಮೊದಲು ಕೆಳಗಿಳಿದು ಮುಂದಿನ ಗಾಲಿ ಹಿಡಿದು ಅಲುಗಿಸು. ಟೈರಾಡಿನ ತುದಿ ಸವೆದು ಆಟ ಬಂದಿದ್ದರೆ ಯಾವ ಅಂಕಿಯೂ ಅದನ್ನು ಸರಿ ಮಾಡದು. ಅದು ಗಟ್ಟಿ ಇದ್ದರೆ, ಗಾಲಿ ನೇರವಿದ್ದಾಗ ಗಾಲಿಯ ತಿರುವು ಅಳೆಯುವ ಸೆನ್ಸರ್ ಸೊನ್ನೆ ತೋರಿಸುತ್ತದೋ ನೋಡು. ಆಮೇಲಷ್ಟೇ ಗೇನ್‌ಗೆ, ಅಂದರೆ ಸ್ಟಿಯರಿಂಗ್ ಎಷ್ಟು ಚುರುಕಾಗಿ ತಿರುಗಬೇಕು ಅನ್ನೋ ಅಂಕಿಗೆ, ಕೈ ಹಾಕು. ಗೇನ್ ಹೆಚ್ಚಾದರೆ ಗಾಡಿ ತುಯ್ಯುತ್ತದೆ, ಕಡಿಮೆಯಾದರೆ ಗೆರೆಗೆ ತಡವಾಗಿ ಬರುತ್ತದೆ. ಇದನ್ನು ಡಾಂಬರು ರಸ್ತೆಯಲ್ಲಿ ಹೊಂದಿಸಬೇಡ. ಹರಗಿದ ಹೊಲದಲ್ಲಿ, ಕೂರಿಗೆ ಮಣ್ಣಿಗಿಳಿಸಿ, ಬಿತ್ತುವ ವೇಗದಲ್ಲೇ ಹೊಂದಿಸು.

ಕೂರಿಗೆಯ ಅಗಲದಲ್ಲಿ ಎಷ್ಟೋ ಜನ ಎಡವುತ್ತಾರೆ. ನಾಲ್ಕು ತಾಳಿನ ಕೂರಿಗೆಯ ಈ ತುದಿಯ ತಾಳಿನಿಂದ ಆ ತುದಿಯ ತಾಳಿಗೆ 1.8 ಮೀಟರ್ ಬರುತ್ತದೆ. ಅದನ್ನೇ ತುಂಬಿದರೆ ಬಿತ್ತಿದ ಸಾಲಿನ ಮೇಲೇ ಮತ್ತೊಂದು ಸಾಲು ಬೀಳುತ್ತದೆ. ನಾಲ್ಕು ಸಾಲಿಗೆ ನಾಲ್ಕು ಅಂತರ ಲೆಕ್ಕ ಹಿಡಿ, 2.4 ಮೀಟರ್. ಚೆಕ್ ಚೈನು ಬಿಗಿ ಇರಲಿ, ಇಲ್ಲದಿದ್ದರೆ ಟ್ರ್ಯಾಕ್ಟರ್ ನೇರ ಹೋದರೂ ಕೂರಿಗೆ ಓಲಾಡುತ್ತದೆ.

ಇಷ್ಟಾದ ಮೇಲೆ ಬೀಜ ಹಾಕದೆ ಆರು ಸುತ್ತು ಹೊಡೆ. ಕೆಳಗಿಳಿದು, ಒಂದು ಸುತ್ತಿನ ಕೊನೆಯ ಸಾಲಿಗೂ ಮುಂದಿನ ಸುತ್ತಿನ ಮೊದಲ ಸಾಲಿಗೂ ಎಷ್ಟು ಅಂತರ ಬಂತು ಅಂತ ಟೇಪಿನಲ್ಲಿ ಅಳೆ. ಎಲ್ಲಾ ಕಡೆ 65 ಬಂದರೆ ತುಂಬಿದ ಅಗಲ ತಪ್ಪು. ಒಂದು ಕಡೆ 70, ಮುಂದಿನದು 50, ಮತ್ತೆ 70, ಮತ್ತೆ 50 ಹೀಗೆ ಬಂದರೆ ಕೂರಿಗೆ ಗಾಡಿಯ ನಡುವಿನಿಂದ 5 ಸೆಂಟಿಮೀಟರ್ ಸರಿದಿದೆ, ಇಲ್ಲವೇ ವಾಲಿನ ಸೊನ್ನೆ ತಪ್ಪಿದೆ. ಹೋಗುವಾಗ ಬಲಕ್ಕಿದ್ದ ತಪ್ಪು ಬರುವಾಗ ಎದುರು ದಿಕ್ಕಿಗೆ ಬೀಳುತ್ತದಲ್ಲ, ಅದಕ್ಕೇ ಎರಡರಷ್ಟಾಗಿ ಕಾಣುತ್ತದೆ. ಮಣ್ಣು ತಾನೇ ಎಲ್ಲಿ ತಪ್ಪಿದ್ದೀ ಅಂತ ಹೇಳುತ್ತದೆ, ಬಗ್ಗಿ ನೋಡುವವನು ಬೇಕು. ಇಷ್ಟು ಕಷ್ಟ ಯಾಕೆ ಅನ್ನಬೇಡ. ಪ್ರತಿ ಸುತ್ತಿಗೂ 15 ಸೆಂಟಿಮೀಟರ್ ಮೇಲೆ ಮೇಲೆ ಬಿದ್ದರೆ 15 ಎಕರೆಗೆ 16 ಎಕರೆಯ ಬೀಜ, ಗೊಬ್ಬರ, ಡೀಸೆಲ್ ಹೋಗುತ್ತದೆ. ಒಂದು ನೆನಪಿರಲಿ, ಆಟೋಸ್ಟಿಯರ್ ಸಾಲನ್ನಷ್ಟೇ ಕಾಯುತ್ತದೆ. ಸಾಲಿನೊಳಗೆ ಬೀಜದಿಂದ ಬೀಜಕ್ಕೆ 20 ಸೆಂಟಿಮೀಟರ್ ಕಾಯುವುದು ಕೂರಿಗೆಯ ತಟ್ಟೆ ಮತ್ತು ನಿನ್ನ ನಿಧಾನ.

ಗಾಡಿ ತಾನೇ ತಿರುಗುತ್ತದೆ ಅಂತ ಸೀಟು ಬಿಟ್ಟು ಏಳಬೇಡ. ಅದಕ್ಕೆ ಬಾವಿ ಕಾಣುವುದಿಲ್ಲ, ಕರೆಂಟಿನ ಕಂಬ ಕಾಣುವುದಿಲ್ಲ, ಬುತ್ತಿ ತರುವ ಮಗು ಕಾಣುವುದಿಲ್ಲ. ಆಫ್ ಸ್ವಿಚ್ಚು ಕೈಗೆಟುಕುವ ಕಡೆ ಇರಲಿ. ಬದುವಿನ ಹತ್ತಿರ ನೀನೇ ತಿರುಗಿಸು. ರಸ್ತೆಗೆ ಬಂದರೆ ಪೂರ್ತಿ ಆರಿಸು.

ಕೊನೆಯ ಮಾತು. ಎ-ಬಿ ಗೆರೆ ಹಾಕುವ ದಿನ ಒಬ್ಬನೇ ಹೋಗಬೇಡ, ನಿಮ್ಮಪ್ಪನನ್ನು ಕರೆದುಕೊಂಡು ಹೋಗು. ಹೊಲದ ಉದ್ದಕ್ಕೆ ಗೆರೆ ಹಾಕಿದರೆ ತಿರುವು ಕಡಿಮೆ, ಡೀಸೆಲ್ ಉಳಿತಾಯ ಅಂತ ನಿನಗೆ ಅನಿಸುತ್ತದೆ. ಆದರೆ ನಿಮ್ಮ ಹೊಲದ ಉದ್ದ ಇಳಿಜಾರಿನ ದಿಕ್ಕಿಗೇ ಇದೆ. ಇಳಿಜಾರಿಗೆ ಹಾಕಿದ ನೇರ ಸಾಲು ಮಳೆನೀರಿಗೆ ಕಾಲುವೆ ಆಗಿ, ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ಇಳಿಸುತ್ತದೆ. ಅಡ್ಡಕ್ಕೆ ಬಿತ್ತಿದರೆ ಪ್ರತಿ ಸಾಲೂ ಒಂದು ಸಣ್ಣ ಒಡ್ಡು. ಮಳೆ ನೀರು ಯಾವ ಮೂಲೆಯಿಂದ ಹರಿದು ಎಲ್ಲಿ ನಿಲ್ಲುತ್ತದೆ ಅನ್ನೋದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ, ನಲವತ್ತು ಮಳೆಗಾಲ ಆ ಬದುವಿನ ಮೇಲೆ ನಿಂತು ನೋಡಿದ ನಿಮ್ಮಪ್ಪನಿಗೆ ಗೊತ್ತು. ದಿಕ್ಕು ಅವನು ತೋರಿಸಲಿ, ಗೆರೆಯನ್ನು ನೀನು ಹಾಕು. ಎಡೆ ಹೊಡೆಯುವ ದಿನ ನನಗೆ ಫೋನ್ ಮಾಡು. ಟೇಪು ತೆಗೆದುಕೊಂಡು ನಾನೂ ಬರುತ್ತೇನೆ.